ಬೆಂಕಿ ಇಲ್ಲದ ಬೆಸುಗೆ

ಬಾಗಿಲನ್ನು ನಾನು ದಡಾರನೆ ಹಾಕಿದ್ದು ಮೇಸ್ತ್ರಿಯ ಮೇಲಿನ ಸಿಟ್ಟಿಗೆ. ಪೆಟ್ಟಾದದ್ದು ಬೆಕ್ಕಿಗೆ. ಬೀರುವಿನ ಮೇಲೆ ಮಲಗಿದ್ದ ಬೂದಿ ಆ ಸದ್ದಿಗೆ ಬೆಚ್ಚಿ ಹಾರಿತು. ಹಾರಿದ್ದು ಲೆಕ್ಕ ತಪ್ಪಿ ಕಬ್ಬಿಣದ ಮಂಚದ ಅಂಚಿಗೆ ಸೊಂಟ ಬಡಿಯಿತು. ಟಕ್ ಅಂದಿತು. ಆ ಸದ್ದಿನ ಪರಿಚಯ ನನಗಿದೆ. ಅರೆಬರೆ ಬೆಸೆದ ಕಂಬಿ ಬಿಟ್ಟುಕೊಳ್ಳುವಾಗ ಹಾಗೇ ಅನ್ನುತ್ತದೆ.

ಪಶುವೈದ್ಯೆ ಎಕ್ಸರೆಯನ್ನು ಬೆಳಕಿಗೆ ಹಿಡಿದರು. ಸೊಂಟದ ಮೂಳೆಯಲ್ಲಿ ಒಂದು ಕಪ್ಪು ಗೆರೆ.

"ಆಪರೇಷನ್ ಬೇಡ. ಆರು ವಾರ ಪಂಜರದಲ್ಲಿಡಿ. ಒಂದೇ ಒಂದು ಸಲ ಹಾರಿದ್ರೂ ಕೂಡ್ಕೊಂಡಿದ್ದು ಬಿಟ್ಟುಹೋಗುತ್ತೆ. ಆಮೇಲೆ ಬದುಕಿರೋವರೆಗೂ ಹಿಂಗಾಲು ಎಳ್ಕೊಂಡೇ ಓಡಾಡ್ಬೇಕು."

"ಔಷಧಿ?"

"ನೋವಿಗೆ ಕೊಡ್ತೀನಿ. ಮೂಳೆಗೆ ಔಷಧಿ ಏನೂ ಇಲ್ಲಪ್ಪ. ಸುಮ್ಮನೆ ಇರ್ಬೇಕು, ಅಷ್ಟೇ."

ಸುಮ್ಮನೆ! ಆ ಪದ ಕೇಳಿದರೇ ನನಗೆ ಮೈ ಉರಿಯುತ್ತದೆ. ಎಂಟನೇ ಕ್ಲಾಸಿನವರೆಗೆ ಶಾಲೆ ನನಗೆ ಕಲಿಸಿದ ಪಾಠ ಅದೊಂದೇ. ಪ್ರಶ್ನೆ ಕೇಳಿದರೆ ಸುಮ್ಮನೆ ಕೂತ್ಕೋ. ಉತ್ತರ ಹೇಳಿದರೂ ಸುಮ್ಮನೆ ಕೂತ್ಕೋ. ಒಂದು ದಿನ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕಿಟಕಿ, ಗೇಟು ಬೆಸೆಯುವ ಕೆಲಸಕ್ಕೆ ಸೇರಿದೆ. ಅಲ್ಲಿ ಮೇಸ್ತ್ರಿಯದೂ ಅದೇ ರಾಗ.

ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಕಣ್ಣು ಬಿಡುವ ಮೊದಲೇ ಸಿಕ್ಕಿದ್ದ ಬೂದಿಯನ್ನು ಹತ್ತಿಯಲ್ಲಿ ಹಾಲು ಅದ್ದಿ ಅದ್ದಿ ಬದುಕಿಸಿದವಳು ಅವಳು. ನನಗೆ ಹೇಳಬೇಕಾದದ್ದನ್ನೆಲ್ಲ ಬೆಕ್ಕಿಗೆ ಹೇಳತೊಡಗಿದಳು.

"ಬೂದಿ, ನಿನ್ನ ಮಾವಂಗೆ ಹೇಳು, ಊಟ ಆರಿಹೋಗ್ತಿದೆ."

"ಬೂದಿ, ನಿಮ್ಮಮ್ಮಂಗೆ ಹೇಳು, ನಂಗೆ ಹಸಿವಿಲ್ಲ."

ಮರುದಿನವೇ ಮೇಸ್ತ್ರಿಯ ಅಂಗಡಿಯ ಚೂರುಪಾರು ಕಂಬಿಗಳಲ್ಲಿ ಪಂಜರ ಬೆಸೆದೆ. ಉದ್ದ ಮೂರು ಅಡಿ, ಅಗಲ ಎರಡು. ಒಳಗೇ ಹಾರಬಾರದೆಂದು ಎತ್ತರ ಒಂದೂವರೆಯೇ. ಮೂಲೆ ಉಜ್ಜಿ ನುಣುಪು ಮಾಡಿ, ಬಣ್ಣ ಬಳಿಯದೆ, ಹೆಗಲ ಮೇಲೆ ಹೊತ್ತು ತಂದೆ. ಅಕ್ಕ ಹಳೆಯ ಕಂಬಳಿ ಹಾಸಿ, ನೀರಿನ ಬಟ್ಟಲು, ಮರಳಿನ ತಟ್ಟೆ ಇಟ್ಟಳು. ಬೂದಿಯನ್ನು ಒಳಗೆ ಬಿಟ್ಟು ಚಿಲಕ ಹಾಕಿದೆ.

ಬೂದಿ ನನ್ನ ಮುಖ ನೋಡಿತು. ಎರಡು ಕಂಬಿಗಳ ನಡುವೆ ತಲೆ ತೂರಿಸಿತು. ಆಮೇಲೆ ಒಂದು ಭುಜ, ಇನ್ನೊಂದು ಭುಜ. ಉಳಿದ ಮೈ ಎಣ್ಣೆ ಸುರಿದ ಹಾಗೆ ಹೊರಗೆ ಬಂತು, ಸೊಂಟ ಮಾತ್ರ ಹಿಂದೆ ತೆವಳುತ್ತಾ. ಕಂಬಿಗಳ ನಡುವೆ ನಾಲ್ಕು ಇಂಚು ಬಿಟ್ಟಿದ್ದೆ. ಕಳ್ಳ ನುಸುಳದಂತೆ ಕಿಟಕಿಗೆ ನಾವು ಬಿಡುವುದೇ ಅಷ್ಟು. ಕೈ ತನ್ನ ಪಾಡಿಗೆ ಅದನ್ನೇ ಬೆಸೆದಿತ್ತು.

"ಬೂದಿ, ನಿನ್ನ ಮಾವ ನಿನ್ನ ಕಳ್ಳ ಅಂದ್ಕೊಂಡಿದಾನೆ ನೋಡು. ಅದೂ ದಢೂತಿ ಕಳ್ಳ!"

ಬೂದಿ ಮಂಚದ ಕಡೆ ತಿರುಗಿ ಭುಜ ತಗ್ಗಿಸಿತು. ಹಾರುವ ಮೊದಲಿನ ಭಂಗಿ. ನಾನು ನೆಲಕ್ಕೆ ಬಿದ್ದು ಎರಡೂ ಅಂಗೈಯಲ್ಲಿ ಹಿಡಿದುಕೊಂಡೆ. ಅದುಮಿದರೂ ಮೂಳೆಗೆ ಪೆಟ್ಟು, ಬಿಟ್ಟರೂ ಪೆಟ್ಟು. ಅಕ್ಕ ತಂತಿಜಾಲರಿ ತಂದು ಪಂಜರದ ಸುತ್ತಲೂ ಬಿಗಿಯುವವರೆಗೆ, ಒಂದೂವರೆ ಗಂಟೆ, ನಾನು ಅಲುಗಲಿಲ್ಲ. ಮೂಗು ತುರಿಸಿದರೂ ಅಲುಗಲಿಲ್ಲ. ಬೆರಳುಗಳ ಕೆಳಗೆ ನೆಲ್ಲಿಕಾಯಿಯಷ್ಟಿತ್ತೋ ಏನೋ ಆ ಹೃದಯ, ಒಂದೇ ಸಮನೆ ಬಡಿಯುತ್ತಿತ್ತು.

"ನಿನ್ನ ಮಾವ ಸುಮ್ಮನೆ ಕೂತಿದಾನೆ ಬೂದಿ. ಅವನ ಶಾಲೆ ಮೇಷ್ಟ್ರು ಬಂದು ನೋಡ್ಬೇಕಿತ್ತು."

ಮೊದಲ ವಾರ ಅದು ಕಿರುಚಿತು, ಜಾಲರಿ ಕಚ್ಚಿತು. ನನ್ನ ಕೈಯಾರೆ ಬೆಸೆದದ್ದನ್ನು ನಾನೇ ಒದ್ದು ಮುರಿಯಬೇಕೆನಿಸುತ್ತಿತ್ತು. ಕೆಲಸದಿಂದ ಬಂದವನು ಪಕ್ಕದಲ್ಲೇ ಕೂತು, ಜಾಲರಿಯೊಳಗೆ ಬೆರಳು ತೂರಿಸಿ, ಅದರ ಗಲ್ಲ ಕೆರೆಯುತ್ತಿದ್ದೆ. ಯಾವತ್ತು ಕಿರುಚುವುದು ನಿಂತಿತೋ ಗೊತ್ತಿಲ್ಲ. ಬಿಸಿಲಿನ ತುಂಡು ಕಂಬಳಿಯ ಮೇಲೆ ಸರಿದಂತೆ ತಾನೂ ಸರಿಯುತ್ತಾ, ಮಿಕ್ಕ ಹೊತ್ತು ಕಣ್ಣು ಮುಚ್ಚಿ, ಏನೋ ದೊಡ್ಡ ಕೆಲಸದಲ್ಲಿರುವಂತೆ ಮಲಗಿರುತ್ತಿತ್ತು.

ಆರನೇ ವಾರ ಹೊಸ ಎಕ್ಸರೆ. ಪಶುವೈದ್ಯೆ ಬೆಳಕಿಗೆ ಹಿಡಿದಾಗ ನಾನು ನೋಡಿದೆ: ಕಪ್ಪು ಗೆರೆಯಿದ್ದ ಕಡೆ ಬೆಳ್ಳಗೆ ಒಂದು ಉಬ್ಬು. ಬೆಸುಗೆಯ ಉಬ್ಬು! ಕಿಡಿಯಿಲ್ಲ, ಬೆಸೆಯುವ ಕಡ್ಡಿಯಿಲ್ಲ, ಕರೆಂಟಿಲ್ಲ. ಮೂರು ಅಡಿ ಕಂಬಳಿಯ ಮೇಲೆ, ನನ್ನ ಕಣ್ಣೆದುರೇ ಮಲಗಿಕೊಂಡು ಮಾಡಿದ ಕೆಲಸ. ಕೆಲಸಕ್ಕೆ ಸೇರಿದ ಏಳು ವರ್ಷದಲ್ಲಿ ನನ್ನ ಕೈಯಿಂದ ಅಂಥದ್ದೊಂದು ಬಂದಿಲ್ಲ.

"ಇದನ್ನ ಯಾರು ಬೆಸೆದಿದ್ದು?" ಪೆದ್ದನ ಹಾಗೆ ಕೇಳಿಬಿಟ್ಟೆ.

"ಅದೇ."

"ಹೇಗೆ?"

"ಹೇಳಿದ್ನಲ್ಲಪ್ಪ. ಸುಮ್ಮನೆ ಇದ್ದು."

ಮನೆಗೆ ಬಂದು ಪಂಜರದ ಬಾಗಿಲು ತೆರೆದಿಟ್ಟೆ. ಬೂದಿ ನಾಲ್ಕೂ ಕಾಲೂರಿ ಹೊರಗೆ ಬಂತು. ಮಂಚದ ಕಾಲು ಮೂಸಿತು, ಬೀರುವನ್ನು ತಲೆಯೆತ್ತಿ ನೋಡಿತು. ನಾನು ಎರಡೂ ಅಂಗೈ ಚಾಚಿ ಬಗ್ಗಿದೆ. ಅದು ತಿರುಗಿ, ತಾನಾಗಿಯೇ ಪಂಜರದೊಳಗೆ ಹೋಗಿ, ಸುರುಳಿಯಾಗಿ ಮಲಗಿ ಕಣ್ಣು ಮುಚ್ಚಿತು.

ಬೀದಿಬಾಗಿಲು ತೆರೆದೇ ಇತ್ತು. ಹೋಗಿ, ಚಿಲಕವನ್ನು ಬೆರಳಲ್ಲಿ ಹಿಡಿದು, ಸದ್ದಾಗದಂತೆ ಹಾಕಿದೆ.

"ಬೂದಿ, ನಿನ್ನ ಮಾವಂಗೆ..." ಎಂದ ಅಕ್ಕ, ಅದು ನಿದ್ದೆಹೋದದ್ದನ್ನು ನೋಡಿ ತಡೆದಳು. ಆಮೇಲೆ ದನಿ ತಗ್ಗಿಸಿ, ನನ್ನನ್ನೇ ನೋಡುತ್ತಾ, "ಊಟಕ್ಕೆ ಬಾರೋ" ಎಂದಳು.