ಷವರಿಗೆ ಕಟ್ಟಿದ ಕೆಂಪು ರಿಬ್ಬನ್

ಕೆಮಿಕಲ್ ಗೋದಾಮಿನ ಸೂಪರ್‌ವೈಸರಿಗೆ ಆಳುಗಳು ಇಟ್ಟ ಹೆಸರು ಶಿಸ್ತಪ್ಪ. ಡ್ರಮ್ಮಿನೊಳಗೆ ಏನಿದೆ ಅನ್ನುವುದು ಅವನ ತಲೆಗೆ ಹೋಗುತ್ತಿರಲಿಲ್ಲ. ಡ್ರಮ್ಮುಗಳು ಗೆರೆ ಎಳೆದಂತೆ ನಿಂತಿದ್ದರೆ ಸಾಕು, ಲೋಕವೇ ಸರಿಯಾಗಿದೆ ಎಂದುಕೊಳ್ಳುವ ಆಸಾಮಿ.

ಅಲ್ಲಿ ಲೇಬಲ್ ಅಂಟಿಸುವ ಹುಡುಗಿಗೂ ಡ್ರಮ್ ಉರುಳಿಸುವ ಅವಳ ಅಣ್ಣನಿಗೂ ಆ ವಾರವೆಲ್ಲ ಅವನ ಕಾಟ. ಹೊಸ ಷವರಿನ ಉದ್ಘಾಟನೆಗೆ ದೊಡ್ಡ ಸಾಹೇಬರು ಬರುವವರಿದ್ದರು. ಮೈಮೇಲೆ ಕೆಮಿಕಲ್ ಬಿದ್ದವರು ಓಡಿಬಂದು ಹಿಡಿ ಎಳೆದರೆ ದಬದಬ ನೀರು ಸುರಿಯುವ ಷವರ್ ಅದು. ಅದನ್ನು ಜೋಡಿಸಿ ಎಷ್ಟೋ ದಿನವಾಗಿತ್ತು. ಶಿಸ್ತಪ್ಪ ಅದರ ಹಿಡಿಯನ್ನು ಕಂಬಕ್ಕೆ ಸೇರಿಸಿ ಕೆಂಪು ರಿಬ್ಬನ್ ಬಿಗಿದಿದ್ದ.

"ಸಾಹೇಬ್ರು ಕತ್ತರಿಸೋವರೆಗೂ ಇದನ್ನ ಯಾರೂ ಮುಟ್ಟಂಗಿಲ್ಲ."

ಕೆಮಿಕಲ್ ಕಣ್ಣಿಗೆ ಸಿಡಿಯದಂತೆ ಆಳುಗಳು ಹಾಕಿಕೊಳ್ಳಬೇಕಾದ ಹೊಸ ಕನ್ನಡಕಗಳೂ ಪೆಟ್ಟಿಗೆಯಲ್ಲೇ ಇದ್ದವು. ಸಾಹೇಬರು ವೇದಿಕೆಯ ಮೇಲೆ ಸ್ವತಃ ಹಂಚಬೇಕಂತೆ. ಹಳೆಯವನ್ನು ನೋಡಲು ಅಸಹ್ಯ ಎಂದು ಶಿಸ್ತಪ್ಪ ಆಗಲೇ ಎಸೆಸಿದ್ದ.

"ಅಲ್ಲಿವರೆಗೂ ನಮ್ಮ ಕಣ್ಣನ್ನೂ ಪೆಟ್ಟಿಗೇಲೇ ಇಡೋಣ್ವಾ ಸಾರ್?" ಎಂದ ಅಣ್ಣ.

"ಬಾಯಿ ಜಾಸ್ತಿ ಆಯ್ತು ನಿಂದು. ಕುರ್ಚಿ ಹಾಕಬೇಕು, ಆ ಬ್ಲೀಚ್ ಡ್ರಮ್ಮೆಲ್ಲಾ ಅಂಗಳಕ್ಕೆ ಸಾಗಿಸು."

"ಬಿಸಿಲಿಗಾ ಸಾರ್? ಉಬ್ಕೊಳ್ಳುತ್ತೆ."

"ಸಾಹೇಬ್ರನ್ನ ಬಿಸಿಲಲ್ಲಿ ಕೂರಿಸ್ಲಾ ಹಾಗಾದ್ರೆ?"

ಡ್ರಮ್ಮುಗಳು ಬಿಸಿಲಿಗೆ ಹೋದವು. ಕುರ್ಚಿಗಳು ನೆರಳಿಗೆ ಬಂದವು. ಕುರ್ಚಿಗಳ ಭಾಗ್ಯವೇ ಭಾಗ್ಯ.

ಮರುದಿನ ಮಧ್ಯಾಹ್ನ ಲಾರಿಯವನಿಗೆ ಬ್ಲೀಚ್ ಬೇಕಾಯಿತು. ಊದಿಕೊಂಡ ಒಂದು ಡ್ರಮ್ಮಿನ ಮುಚ್ಚಳವನ್ನು ಅಣ್ಣ ಇನ್ನೂ ಒಂದು ಸುತ್ತೂ ಸಡಿಲಿಸಿರಲಿಲ್ಲ, ಬುಸ್ಸೆಂದು ಚಿಮ್ಮಿದ ಬ್ಲೀಚ್ ನೇರ ಅವನ ಮುಖಕ್ಕೇ ಬಡಿಯಿತು.

"ಕಣ್ಣು! ನನ್ನ ಕಣ್ಣು ಕಣೇ!"

ಹುಡುಗಿ ಅವನ ತೋಳು ಹಿಡಿದು ಷವರಿನತ್ತ ದರದರ ಎಳೆದುಕೊಂಡು ಹೋದಳು. ಹಿಡಿ ಜಗ್ಗಿದರೆ ಬರಲೊಲ್ಲದು. ಶಿಸ್ತಪ್ಪ ಅಡ್ಡ ಬಂದ. "ಏಯ್, ರಿಬ್ಬನ್! ಬಕೆಟ್ಟಲ್ಲಿ ನೀರು ತರಿಸ್ತೀನಿ ತಡಿ! ಕೆಳಗೆ ಕಾರ್ಪೆಟ್ ಇದೆ!"

ಆವರೆಗೆ ಅವನೆದುರು ತಲೆ ಎತ್ತಿ ಮಾತಾಡದ ಹುಡುಗಿ ಅವನನ್ನು ಮೊಣಕೈಯಲ್ಲಿ ತಳ್ಳಿ, ಗಂಟಿಗೆ ಬಾಯಿ ಹಾಕಿ ರಿಬ್ಬನ್ನನ್ನು ಕಚ್ಚಿ ಹರಿದಳು. ಹಿಡಿ ಎಳೆದೊಡನೆ ನೀರು ಧೋ ಎಂದು ಸುರಿಯಿತು. ಬೇಡವೆಂದು ಕೊಸರಾಡುತ್ತಿದ್ದ ಅಣ್ಣನ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ, ಆಂಬುಲೆನ್ಸ್ ಬರುವವರೆಗೂ ನೀರಿನಡಿಯೇ ನಿಲ್ಲಿಸಿಕೊಂಡಳು. ಶಿಸ್ತಪ್ಪ ಕಾರ್ಪೆಟ್ ಸುತ್ತುತ್ತಿದ್ದ.

ಉದ್ಘಾಟನೆಯೇನೂ ನಿಲ್ಲಲಿಲ್ಲ. ಹೊಸ ರಿಬ್ಬನ್ ಬಂತು. "ಸಾಹೇಬ್ರೇ, ಮೊದಲೇ ಪರೀಕ್ಷೆ ಮಾಡಿಸಿದೀನಿ, ಫಸ್ಟ್ ಕ್ಲಾಸಾಗಿ ನೀರು ಬರುತ್ತೆ" ಎಂದು ಶಿಸ್ತಪ್ಪ ಹಲ್ಲು ಕಿರಿದ. ಚಪ್ಪಾಳೆಯೋ ಚಪ್ಪಾಳೆ. ಹಾರ ಹಿಡಿದು ನಿಲ್ಲು ಎಂದು ಹುಡುಗಿಗೆ ಹೇಳಿಕಳಿಸಿದ್ದ. ಅವಳು ಅತ್ತ ತಲೆ ಹಾಕಲಿಲ್ಲ.

ಆ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿದ್ದಳು. ನರ್ಸಮ್ಮ ಅಣ್ಣನ ಕಣ್ಣಿನ ಪಟ್ಟಿ ಬಿಚ್ಚುತ್ತಿದ್ದರು. ಅವನು ರೆಪ್ಪೆ ಬಡಿದ. ಅವಳು ಸೆರಗಿನ ಗಂಟಿನಿಂದ ಹರಿದ ರಿಬ್ಬನ್ ತೆಗೆದು ಅವನ ಮುಖದ ಮುಂದೆ ಹಿಡಿದಳು.

"ಅಣ್ಣಾ, ಇದೇನು ಹೇಳು?"

ಅವನು ಕಣ್ಣು ಕಿರಿದಾಗಿಸಿ ನೋಡಿದ.

"ಶಿಸ್ತಪ್ಪನ ಮರ್ಯಾದೆ. ಕೆಂಪಗಿದೆ. ತುದೀಲಿ ಇಲಿ ಕಡಿದ ಹಾಗಿದೆಯಲ್ಲೇ."

ಅವಳು ಅದನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆದಳು.