ಆರು ಹತ್ತರ ಮೆಸೇಜು

ವಡೋದರಾದ ಆ ಖಾಸಗಿ ವಿಶ್ವವಿದ್ಯಾಲಯದಲ್ಲಿ ಈಜುವವರೂ ಈಜದವರೂ ಕ್ರೀಡಾಕೇಂದ್ರದ ಶುಲ್ಕ ಕಟ್ಟಲೇಬೇಕು. ಕಟ್ಟದಿದ್ದರೆ ಹಾಲ್‌ಟಿಕೆಟ್ ಇಲ್ಲ. ಅದು ಬೇಡವೆಂದು ಸಹಿ ಸಂಗ್ರಹಿಸುತ್ತ ಹಾಸ್ಟೆಲ್ ತುಂಬ ಅಲೆದವಳು ಕೃಪಾ. ಸಹಿಗಳಿಂದ ಏನೂ ಆಗಲಿಲ್ಲ, ಆಗುವುದೂ ಇಲ್ಲ ಬಿಡಿ. ಆಮೇಲೆ ಅವಳೇ, "ಕಟ್ಟಿಸಿಕೊಂಡ್ರಲ್ಲ, ಪೂರ್ತಿ ವಸೂಲಿ ಮಾಡುವ," ಎಂದು ದಿನಾ ಆರಕ್ಕೆ ರೂಂಮೇಟ್ ಮನಸ್ವಿನಿಯ ಹೊದಿಕೆ ಎಳೆಯತೊಡಗಿದಳು. ಕೃಪಾ ಸೂರತ್‌ನಲ್ಲಿ ಉಡುಪಿ ಹೋಟೆಲ್ ನಡೆಸುವವರ ಮಗಳು. ಕೊಟ್ಟ ದುಡ್ಡಿಗೆ ಒಂದು ಚಮಚ ಚಟ್ನಿಯನ್ನೂ ಬಿಟ್ಟುಕೊಡುವವಳಲ್ಲ.

ಜನವರಿಯಲ್ಲಿ ಗಾಳಿಪಟದ ಹಬ್ಬಕ್ಕೆ ಮನೆಗೆ ಹೋದ ಕೃಪಾ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಳು. ಅವಳ ಕ್ರೀಡಾಕೇಂದ್ರದ ಕಾರ್ಡು ರೂಮಿನ ಬಾಗಿಲ ಹಿಂದಿನ ಮೊಳೆಯಲ್ಲೇ ಉಳಿಯಿತು.

ಮನಸ್ವಿನಿಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಊಟಕ್ಕೆ ಕರೆದರೆ ಹೋದಳು, ಬಡಿಸಿದ್ದನ್ನು ತಿಂದಳು. ಆರಕ್ಕೆ ತಾನಾಗಿ ಎಚ್ಚರವಾದಾಗ ಎರಡೂ ಕಾರ್ಡು ತೆಗೆದುಕೊಂಡು ಕ್ರೀಡಾಕೇಂದ್ರಕ್ಕೆ ಹೋದಳು. ಗೇಟಿನ ಯಂತ್ರಕ್ಕೆ ಮೊದಲು ಕೃಪಾಳದನ್ನು ತಾಗಿಸಿದಳು. ಹಸಿರು ದೀಪ ಹತ್ತಿತು, ಪರದೆಯ ಮೇಲೆ ಅವಳ ಫೋಟೋ ಬಂತು. ಆಮೇಲೆ ತನ್ನದು. ಈಜುಕೊಳದ ಪಕ್ಕದ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ವಾಪಸ್ ಬಂದಳು.

ಕ್ಲಾಸಿನ ಹಾಜರಿಯಿಂದ ಹೆಸರು ಹೊಡೆದುಹಾಕಿದವರು ಕ್ರೀಡಾಕೇಂದ್ರಕ್ಕೆ ಹೇಳಿರಲಿಲ್ಲ. ಮೇ ತಿಂಗಳವರೆಗಿನ ಶುಲ್ಕ ಸಂದಾಯವಾಗಿತ್ತು, ಯಂತ್ರಕ್ಕೆ ಅಷ್ಟು ಸಾಕು. ಎರಡು ತಿಂಗಳು ಹೀಗೇ ನಡೆಯಿತು. ಒಂದು ದಿನ ಆ ಫೋಟೋ ಬರದೇ ಹೋದರೆ ಎಂಬುದೊಂದೇ ಅವಳಿಗಿದ್ದ ಭಯ. ಬೇರೆ ಯಾವುದೂ ಅವಳನ್ನು ತಟ್ಟುತ್ತಿರಲಿಲ್ಲ.

ಮಾರ್ಚಿನಲ್ಲಿ ಕೃಪಾಳ ಅಪ್ಪ ದಾಮೋದರ ಮಗಳ ಸೂಟ್‌ಕೇಸ್ ಒಯ್ಯಲು ಬಂದರು. ಹಾಸ್ಟೆಲಿನ ವಿಸಿಟರ್ಸ್ ರೂಮಿನಲ್ಲಿ ಕೂತು, ನೀರು ಕುಡಿದು, ಮೊಬೈಲನ್ನು ಮನಸ್ವಿನಿಯ ಮುಂದೆ ಚಾಚಿದರು.

"ಇದು ಎಂತ ಮಗಾ?"

ದಿನಕ್ಕೊಂದರಂತೆ ಅದೇ ಮೆಸೇಜು, ಗುಜರಾತಿಯಲ್ಲಿ, ಸಾಲು ಸಾಲಾಗಿ. ನಿಮ್ಮ ಮಗಳು ಕೃಪಾ ಬೆಳಿಗ್ಗೆ ಆರು ಹತ್ತಕ್ಕೆ ಕ್ರೀಡಾಕೇಂದ್ರಕ್ಕೆ ಬಂದಿದ್ದಾರೆ. ಶುಲ್ಕಕ್ಕೆ ಗೊಣಗಿದ ಹೆತ್ತವರಿಗೆ ದುಡ್ಡು ದಂಡವಾಗುತ್ತಿಲ್ಲ ಎಂದು ತೋರಿಸಲು ವಿಶ್ವವಿದ್ಯಾಲಯ ಮಾಡಿದ ಏರ್ಪಾಡು. ಮನಸ್ವಿನಿಯ ಮನೆಯಲ್ಲಿ ಇಂಥ ಮೆಸೇಜುಗಳನ್ನು ಯಾರೂ ತೆರೆದು ನೋಡುವುದಿಲ್ಲ, ಹಾಗಾಗಿ ಅವಳಿಗಿದು ಗೊತ್ತೇ ಇರಲಿಲ್ಲ.

ಅವಳು ಜೇಬಿನಿಂದ ಕೃಪಾಳ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. "ನಾನೇ ಅಂಕಲ್. ನಿಮಗೆ ಮೆಸೇಜ್ ಬರುತ್ತೆ ಅಂತ ಗೊತ್ತಿರ್ಲಿಲ್ಲ. ತಪ್ಪಾಯ್ತು."

ದಾಮೋದರ ಕಾರ್ಡು ಎತ್ತಿಕೊಂಡು ಫೋಟೋವನ್ನು ಹೆಬ್ಬೆರಳಿನಿಂದ ಒರೆಸಿದರು. ಅದರ ಮೇಲೆ ಧೂಳೇನೂ ಇರಲಿಲ್ಲ.

"ಅವಳು ಹೋದ ಮೇಲೆ ಮೊದಲ ಸಲ ಇದು ಬಂದಾಗ ನಾನು ದೋಸೆ ಕಾವಲಿ ಎದುರು ಇದ್ದೆ. ನೋಡಿ ಕೈ ಸುಟ್ಟುಕೊಂಡೆ," ಎಂದರು. "ನಿಲ್ಲಿಸ್ಲಿಕ್ಕೆ ಹೇಳುವ ಅಂತಲೇ ಇವತ್ತು ಬಂದದ್ದು."

"ನಾಳೆಯಿಂದ ಹೋಗಲ್ಲ ಅಂಕಲ್."

ಅವರು ಫೋಟೋವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಕಾರ್ಡನ್ನು ಮೇಜಿನ ಮೇಲೆ ಅವಳ ಕಡೆಗೇ ಸರಿಸಿದರು.

"ಅವಳ ಅಮ್ಮ ಆರು ಗಂಟೆಗೇ ನನ್ನ ಫೋನ್ ಹಿಡ್ಕೊಂಡು ಕೂತ್ಕೊಳ್ತಾಳೆ. ಅದು ಬಂದ ಮೇಲೆಯೇ ಚಾ ಕುಡಿಯುದು. ಸುಳ್ಳು ಅಂತ ಅವಳಿಗೂ ಗೊತ್ತುಂಟು." ಮೊಬೈಲನ್ನು ಜೇಬಿಗೆ ಹಾಕುತ್ತ ಕೇಳಿದರು. "ಭಾನುವಾರ ಮಾತ್ರ ಬರುದಿಲ್ಲ. ಯಾಕೆ?"

"ಭಾನುವಾರ ಕೇಂದ್ರಕ್ಕೆ ರಜೆ ಅಂಕಲ್."

"ಹಾಗಾ," ಎಂದು ದಾಮೋದರ ಸೂಟ್‌ಕೇಸ್ ಎತ್ತಿಕೊಂಡರು. "ಭಾನುವಾರ ಕಾಯುದು ಬೇಡ ಅಂತ ಹೇಳ್ತೇನೆ ಅವಳಿಗೆ."