ಅಳಿಸಿದ ಸೇತುವೆ

ಜಾವಾದ ಒಂದು ಬೆಂಕಿಬೆಟ್ಟದಿಂದ ಬೂದಿ, ಬಂಡೆ, ಮರ ಎಲ್ಲ ಮಳೆಗೆ ಕೆಸರಾಗಿ ನುಗ್ಗಿದರೆ ಯಾವ ಊರು ಮುಳುಗೀತು, ಯಾವುದು ಉಳಿದೀತು ಎಂದು ಲೆಕ್ಕ ಹಾಕಿ ಹೇಳುವುದು ರೆತ್ನಾನಿಯ ಕೆಲಸ. ಅವಳ ನಕ್ಷೆಯಲ್ಲಿ ಕೆಂಪು ಬಿದ್ದ ಊರಿನವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹಸಿರು ಬಿದ್ದ ವತುಲಾವಾಂಗ್ ಸೇರಿದ್ದರು. ಅದು ಅವಳನ್ನು ಸಾಕಿದ ಚಿಕ್ಕಮ್ಮ ಪೊನಿರಾಳ ಊರು.

ಮಧ್ಯಾಹ್ನ ಶಿಖರದಲ್ಲಿ ಮಳೆ ಹಿಡಿಯಿತು. ನದಿ ಕಾಯುವ ತುಕಿಯೋ ಕಚೇರಿಗೆ ಫೋನು ಮಾಡಿದ.

"ಅಕ್ಕಾ, ವತುಲಾವಾಂಗ್ ಮೇಲ್ಗಡೆ ಸೇತುವೆ ಕೆಳಗೆ ಮರಗಳು ಅಡ್ಡಡ್ಡ ಸಿಕ್ಕಾಕ್ಕೊಂಡಿವೆ. ಕೆಸರು ಎಡಗಡೆ ದಂಡೆ ಹತ್ತೋ ಹಾಗಿದೆ."

ರೆತ್ನಾನಿ ನಕ್ಷೆ ತೆರೆದಳು. ಎಡದಂಡೆಯ ಕೆಳಗೇ ವತುಲಾವಾಂಗ್. ವಿಮಾನದಿಂದ ತೆಗೆದ ನೆಲದ ಚಿತ್ರದಲ್ಲಿ ಸೇತುವೆ ನದಿಗೆ ಕಟ್ಟಿದ ಗೋಡೆಯಂತೆ ಕಾಣುತ್ತದೆ, ಲೆಕ್ಕದ ನೀರು ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಈ ಕಸುಬಿನವರು ಮೊದಲು ಚಿತ್ರದಿಂದ ಸೇತುವೆ ಅಳಿಸುತ್ತಾರೆ. ಅವಳೂ ಅಳಿಸಿದ್ದಳು. ನೀರೇನೋ ಕೆಳಗೆ ನುಸುಳೀತು, ಬೇರುಸಮೇತ ಬರುವ ಮರ ನುಸುಳೀತೇ? ಅಷ್ಟು ಓದಿದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ, ಏನೆನ್ನಬೇಕು ಇದಕ್ಕೆ. ಪೊನಿರಾಳಿಗೆ ಫೋನು ಮಾಡಿದಳು.

"ಚಿಕ್ಕಮ್ಮ, ಎಲ್ಲರನ್ನೂ ಕರ್ಕೊಂಡು ಗುಡ್ಡ ಹತ್ತು. ಈಗಲೇ."

"ಏನೇ ಇದು? ಇಲ್ಲಿ ಊರೆಲ್ಲ ಕ್ಷೇಮ ಬೇಡೋ ಸ್ಲಾಮೆತಾನ್ ಊಟಕ್ಕೆ ಕೂತಿದೆ. ನೀನು ಹಾಕಿದ ಹಸಿರು ಬಣ್ಣಕ್ಕೇ ಕಣೇ ಈ ಪ್ರಾರ್ಥನೆ. ಅನ್ನದ ಗೋಪುರದ ತುದಿ, ದೊಡ್ಡವರ ಪಾಲು, ನಿನಗೇ ಅಂತ ಎತ್ತಿಟ್ಟಿದೀನಿ."

"ಆ ಹಸಿರು ತಪ್ಪು ಚಿಕ್ಕಮ್ಮ. ನನ್ನದೇ ತಪ್ಪು."

ಪೊನಿರಾ ದನಿ ತಗ್ಗಿಸಿದಳು.

"ಲೆಕ್ಕ ಸುಳ್ಳು ಹೇಳಲ್ಲ ಅಂತ ಮನೆಮನೆಗೂ ಬಂದು ಹೇಳಿದ್ದು ನೀನೇ ಅಲ್ವೇನೇ. ಈಗ ನಾನು ಏಳಿ ಅಂದ್ರೆ ಯಾರು ಏಳ್ತಾರೆ?"

"ಊರಿನ ಮರದ ಡೋಲು ಬಡಿ. ನಿಲ್ಲಿಸದೆ ಬಡಿ."

ಪೊನಿರಾ ಫೋನನ್ನು ಚಾಪೆಯ ಮೇಲೆ ಬಿಟ್ಟು ಓಡಿದಳು. ಅಪಾಯ ಬಂದಾಗ ಬಡಿಯುವ ಹಾಗೆ ಡೋಲು ಒಂದೇ ಸಮನೆ ಬಡಿಯತೊಡಗಿತು. ಫೋನಿನ ಹತ್ತಿರ ಯಾರೋ ಮುದುಕ ನಗುತ್ತಿದ್ದ.

"ಪೊನಿರಕ್ಕಾ, ನಾವಿರೋದು ಹಸಿರಲ್ಲಿ. ಸುಮ್ನೆ ಬಂದು ಕೂತ್ಕೋ, ಅನ್ನ ಆರಿಹೋಗುತ್ತೆ."

ಡೋಲು ನಿಲ್ಲಲಿಲ್ಲ, ಫೋನು ಸತ್ತಿತು. ರೆತ್ನಾನಿ ಮತ್ತೆ ಮತ್ತೆ ಫೋನು ಮಾಡಿದಳು, ಕರೆ ಹೋಗಲಿಲ್ಲ. ಮಾಡಲು ಬೇರೇನೂ ಉಳಿದಿರಲಿಲ್ಲ. ಕಂಪ್ಯೂಟರಿನಲ್ಲಿ ಅಳಿಸಿದ್ದ ಸೇತುವೆಯನ್ನು ಮತ್ತೆ ಇಟ್ಟು, ಅದರ ಕೆಳಗಿನ ದಾರಿ ಮುಚ್ಚಿ, ಲೆಕ್ಕ ಓಡಿಸಿದಳು. ವತುಲಾವಾಂಗ್ ಮನೆಮನೆಯಾಗಿ ಕೆಂಪಾಯಿತು. ಈ ಸಲ ಲೆಕ್ಕ ಸರಿಯಾಗಿತ್ತು.